‘ಹೊಡಿ’ಗೆ ಅರ್ಥ ಬರೆಯುವುದು: ಒಂದು ಆಡುಮಾತಿನ ನಮೂದು ತಯಾರಾದ ಬಗೆ

ಗೋಡೆಗೆ ಮೊಳೆ ಹೊಡೆಯುತ್ತೇವೆ, ಬಣ್ಣ ಹೊಡೆಯುತ್ತೇವೆ. ಹರಟೆ ಹೊಡೆಯುತ್ತೇವೆ, ನಿದ್ದೆ ಹೊಡೆಯುತ್ತೇವೆ, ಕ್ಲಾಸಿಗೆ ಚಕ್ಕರ್ ಹೊಡೆಯುತ್ತೇವೆ. ಬೋರನ್ನು ಮಾತ್ರ ಯಾರೂ ಹೊಡೆಯುವುದಿಲ್ಲ, ಅದೇ ಬಂದು ನಮಗೆ ಹೊಡೆಯುತ್ತದೆ. ಆಡುಗನ್ನಡದ ಪದಗಳಿಗೆ ನಿಘಂಟು ಕಟ್ಟುವ ಕೆಲಸದಲ್ಲಿ ನಮ್ಮ ಗುಂಪನ್ನು ಎಲ್ಲಕ್ಕಿಂತ ಹೆಚ್ಚು ದುಡಿಸಿಕೊಂಡ ಪದ ಇದು. ‘ಹಾಕು’, ‘ಬಿಡು’, ‘ಕೈ’, ‘ತಲೆ’ ಇವು ಯಾವುದನ್ನು ಎತ್ತಿಕೊಂಡರೂ ದಾರಿ ಹೆಚ್ಚುಕಡಿಮೆ ಇದೇ. ಆದ್ದರಿಂದ ಯಾವ ಹಂತದಲ್ಲಿ ಏನು ಮಾಡುತ್ತೇವೆ, ಎಲ್ಲಿ ಕೆಲಸ ಕೆಡುತ್ತದೆ ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ತೀರ್ಮಾನವಾಗಬೇಕಾದದ್ದು ತಲೆಪದ, ಅಂದರೆ ನಮೂದಿನ ತಲೆಯಲ್ಲಿ ನಿಲ್ಲುವ ರೂಪ. ಬರಹದಲ್ಲಿ ‘ಹೊಡೆ’, ಬಾಯಲ್ಲಿ ‘ಹೊಡಿ’. ಹಳಗನ್ನಡದಲ್ಲಿ ಇದು ‘ಪೊಡೆ’. ಪಾಲು ಹಾಲಾದಂತೆ, ಪೂ ಹೂವಾದಂತೆ, ಪದದ ಮೊದಲಿನ ಪಕಾರ ಹಕಾರವಾದಾಗ ಪೊಡೆ ಹೊಡೆಯಾಯಿತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲ್ ನಿಘಂಟಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಾಗಲಿ, ನೋಡುವವರು ಹುಡುಕುವುದು ಬರಹದ ರೂಪವನ್ನೇ. ಅದಕ್ಕೇ ತಲೆಪದ ‘ಹೊಡೆ’ ಎಂದೇ ಇಟ್ಟು, ‘ಹೊಡಿ’ಯಿಂದ ಅದಕ್ಕೆ ಕೈತೋರಿಸುವ ಒಂದು ಸಾಲು ಕೊಟ್ಟೆವು. ಉದಾಹರಣೆ ವಾಕ್ಯಗಳನ್ನು ಮಾತ್ರ ಆಡಿದ ಹಾಗೆಯೇ ಬರೆದೆವು. ‘ಅವನು ಬಂಕ್ ಹೊಡೆದನು’ ಎಂದು ಯಾವ ವಿದ್ಯಾರ್ಥಿಯೂ ಹೇಳುವುದಿಲ್ಲ. ‘ಬಂಕ್ ಹೊಡ್ದ’ ಎನ್ನುತ್ತಾನೆ. ಉದಾಹರಣೆಗೆ ಬರಹದ ಉಡುಪು ತೊಡಿಸಿದರೆ ಆ ಬಳಕೆ ಇದ್ದದ್ದೇ ಸುಳ್ಳೆನಿಸುತ್ತದೆ.

ಇನ್ನೊಂದು ‘ಹೊಡೆ’ ಇದೆ, ಅದನ್ನು ಆರಂಭದಲ್ಲೇ ಬೇರೆ ಮಾಡಿಡಬೇಕು. ತೆನೆ ಹೊರಬರುವ ಮೊದಲು ಭತ್ತದ ಪೈರು ಗರಿಯ ಬುಡದಲ್ಲಿ ಉಬ್ಬಿಕೊಳ್ಳುತ್ತದಲ್ಲ, ಆ ಹಂತಕ್ಕೆ ರೈತರು ಹೊಡೆ ಎನ್ನುತ್ತಾರೆ: ‘ಪೈರು ಹೊಡೆಗೆ ಬಂದೈತೆ’. ಇದು ನಾಮಪದ, ಏಟಿಗೂ ಇದಕ್ಕೂ ನಂಟಿಲ್ಲ. ಕೃಷಿ ಬರಹಗಳನ್ನು ಜಾಲಾಡುವಾಗ ಈ ಎರಡೂ ಒಂದೇ ರಾಶಿಗೆ ಬೀಳುತ್ತವೆ. ‘ಹೊಡೆ ಸಮಯದಲ್ಲಿ ಔಷಧಿ ಹೊಡೆಯಬೇಕು’ ಎಂಬಂಥ ವಾಕ್ಯದಲ್ಲಿ ಎರಡೂ ಅಕ್ಕಪಕ್ಕ ನಿಂತಿರುತ್ತವೆ.

ಬಳಕೆಗಳನ್ನು ಕೂಡಿಹಾಕುವುದು ಎರಡು ಕಡೆಯಿಂದ: ಬರಹದಿಂದ ಮತ್ತು ಕಿವಿಯಿಂದ. ಬರಹಕ್ಕೆ ಈಗ ಕಂಪ್ಯೂಟರ್ ಇದೆ, ಆದರೆ ಅದು ಕೊಡುವ ಫಲಿತಾಂಶವನ್ನು ಕುರುಡಾಗಿ ನಂಬುವಂತಿಲ್ಲ. ‘ಹೊಡೆ’ ಎಂದು ಹುಡುಕಿದರೆ ಹೊಡಿ, ಹೊಡ್ದ, ಹೊಡದ, ಹೊಡ್ಕೊ ಒಂದೂ ಸಿಗುವುದಿಲ್ಲ. ಡಕಾರದ ಮುಂದಿನ ಸ್ವರಚಿಹ್ನೆ ಬಿಟ್ಟು ‘ಹೊಡ’ ಎಂದಷ್ಟೇ ಕೊಟ್ಟರೆ ಇವೆಲ್ಲ ಬರುತ್ತವೆ, ಏಕೆಂದರೆ ಯೂನಿಕೋಡಿನಲ್ಲಿ (ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಸಂಕೇತಗಳ ಪದ್ಧತಿ) ಎತ್ವ, ಗುಡಿಸು, ಅರ್ಧಾಕ್ಷರದ ಗುರುತು ಎಲ್ಲವೂ ವ್ಯಂಜನದ ನಂತರ ಬರುವ ಪ್ರತ್ಯೇಕ ಸಂಕೇತಗಳು. ಅದಕ್ಕಿಂತ ಕಾಣದ ತೊಡಕು ‘ಹೊ’ದ ಒಳಗೇ ಇದೆ. ಒತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ದೀರ್ಘ ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ, ಹುಡುಕುವ ಯಂತ್ರಕ್ಕೆ ಬೇರೆ ಬೇರೆ. ಕಡತಗಳನ್ನೆಲ್ಲ ಮೊದಲು ಯೂನಿಕೋಡಿನ ಒಂದೇ ಪ್ರಮಾಣ ರೂಪಕ್ಕೆ ತಂದು ಆಮೇಲೆ ಹುಡುಕಬೇಕು. ‘ನುಡಿ’, ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಕಡತಗಳು ಯೂನಿಕೋಡೇ ಅಲ್ಲ. ಅವನ್ನು ಪರಿವರ್ತಿಸದೆ ಹುಡುಕಿದರೆ ಆ ಕಾಲದ ಬರಹವೆಲ್ಲ ಕೈತಪ್ಪುತ್ತದೆ. ಆಗ ಬಹಳ ಹಿಂದಿನಿಂದ ಇರುವ ಬಳಕೆಯೂ ನಿನ್ನೆ ಮೊನ್ನೆ ಹುಟ್ಟಿದ್ದೆಂದು ತಪ್ಪು ಲೆಕ್ಕ ಬರುತ್ತದೆ. ಇಷ್ಟಾದ ಮೇಲೂ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವವರ ಸಂದೇಶಗಳು ಉಳಿಯುತ್ತವೆ. ಪೋಲಿಪದಗಳ (ಇಂಗ್ಲಿಷಿನ ಸ್ಲ್ಯಾಂಗ್) ನಿಜವಾದ ಗಣಿ ಅಲ್ಲೇ ಇದೆ, ಮತ್ತು ಒಬ್ಬೊಬ್ಬರ ಕಾಗುಣಿತ ಒಂದೊಂದು ತರ. ಅದಕ್ಕೆ ಕಣ್ಣಲ್ಲಿ ಓದುವುದೊಂದೇ ಉಪಾಯ.

ಸಿಕ್ಕ ಪ್ರತಿ ಬಳಕೆಗೂ ಒಂದು ಚೀಟಿ. ಕಾಗದದ್ದಾದರೂ ಸರಿ, ಕಂಪ್ಯೂಟರಿನ ಕೋಷ್ಟಕವಾದರೂ ಸರಿ, ಅದರಲ್ಲಿ ಇರಬೇಕಾದವು ಇವು: ಇಡೀ ವಾಕ್ಯ, ಅದರ ಹಿಂದಿನ ಮುಂದಿನ ಒಂದೊಂದು ವಾಕ್ಯ, ಆಡಿದವರ ಸುಮಾರು ವಯಸ್ಸು, ಜಿಲ್ಲೆ, ಯಾರಿಗೆ ಹೇಳಿದ್ದು, ಕೇಳಿದ ಅಥವಾ ಅಚ್ಚಾದ ವರ್ಷ. ಆಡಿದವರ ಹೆಸರು ಬೇಡವೇ ಬೇಡ. ಬರೀ ‘ಲೈನ್ ಹೊಡಿ’ ಎಂದು ಎರಡು ಪದ ಗುರುತು ಹಾಕಿಕೊಂಡ ಚೀಟಿಯಿಂದ ಪ್ರಯೋಜನವಿಲ್ಲ. ಅದು ಹುಡುಗಿಯ ಹಿಂದೆ ಬಿದ್ದದ್ದೋ, ಮೈದಾನದಲ್ಲಿ ಸುಣ್ಣದ ಗೆರೆ ಎಳೆದದ್ದೋ ಆರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ. ಒಂದು ಅರ್ಥಕ್ಕೆ ನಮೂದಿನಲ್ಲಿ ಜಾಗ ಸಿಗಬೇಕಾದರೆ ಒಬ್ಬರಿಗೊಬ್ಬರು ಗೊತ್ತಿಲ್ಲದ ಕನಿಷ್ಠ ಮೂವರ ಬಾಯಿಂದ, ಕನಿಷ್ಠ ಎರಡು ಜಿಲ್ಲೆಗಳಿಂದ ಅದು ಬಂದಿರಬೇಕು ಎಂದು ನಿಯಮ ಮಾಡಿಕೊಂಡೆವು. ಒಂದು ಹಾಸ್ಟೆಲಿನ ಒಂದು ಕೋಣೆಯಲ್ಲಿ ಹುಟ್ಟಿ ಅಲ್ಲೇ ಸಾಯುವ ಪದಗಳು ಸಾವಿರ ಇರುತ್ತವೆ. ಚೆಂದ ಅನ್ನಿಸಿದರೂ ಅವನ್ನು ಬಿಡಬೇಕು.

ಜನರನ್ನು ಕೇಳುವುದಕ್ಕೂ ಒಂದು ಕ್ರಮ ಇದೆ. ‘ಹೊಡಿ ಅಂದ್ರೆ ಏನೇನು ಅರ್ಥ?’ ಎಂದು ನೇರವಾಗಿ ಕೇಳಿದರೆ ಬರುವುದು ಬಡಿ, ಏಟು ಕೊಡು ಅಷ್ಟೇ. ಮನಸ್ಸಿಗೆ ತಟ್ಟನೆ ಹೊಳೆಯುವುದು ಮೂಲ ಅರ್ಥವೇ. ‘ಕಾಪಿ ಹೊಡಿ ಅಂತೀರಾ?’ ಎಂದರೆ ಮೇಷ್ಟ್ರು ಕೇಳಿದ ಹಾಗಾಗಿ ‘ಛೇ, ನಕಲು ಮಾಡು ಅಂತೀವಿ’ ಎನ್ನುತ್ತಾರೆ. ಅದೇ ವ್ಯಕ್ತಿ ಐದು ನಿಮಿಷದ ಮೇಲೆ ಮಗನ ಪರೀಕ್ಷೆಯ ಮಾತು ಬಂದಾಗ ‘ಕಾಪಿ ಹೊಡ್ದು ಸಿಕ್ಕಾಕೊಂಡ’ ಎಂದೇ ಹೇಳುತ್ತಾರೆ. ಕೆಲಸಕ್ಕೆ ಬರುವುದು ಸನ್ನಿವೇಶ ಕೊಟ್ಟು ವಾಕ್ಯ ಪೂರ್ತಿ ಮಾಡಿಸುವುದು: ‘ಪರೀಕ್ಷೆಗೆ ಏನೂ ಓದಿರಲಿಲ್ಲ, ಪಕ್ಕದವನದು ನೋಡಿ…’, ‘ಟೈರಲ್ಲಿ ಗಾಳಿ ಕಮ್ಮಿ ಇದೆ, ಬಂಕಿಗೆ ಹೋಗಿ…’, ‘ಭಾಷಣ ಮುಗೀತಾನೇ ಇಲ್ಲ, ಕೂತು ಕೂತು…’. ಹೇಳುವವರಿಗೆ ನಾವು ಹುಡುಕುತ್ತಿರುವ ಪದ ಯಾವುದೆಂದು ಗೊತ್ತಾಗಬಾರದು. ಹತ್ತು ವಾಕ್ಯಗಳಲ್ಲಿ ನಮಗೆ ಬೇಕಾದವು ಮೂರೋ ನಾಲ್ಕೋ ಇದ್ದು, ಉಳಿದವು ಬೇರೆ ಪದಗಳದ್ದಾಗಿರಬೇಕು. ವಯಸ್ಸಾದವರನ್ನು ಬಿಟ್ಟು ಕಾಲೇಜು ಹುಡುಗರನ್ನಷ್ಟೇ ಕೇಳುವುದು ಇನ್ನೊಂದು ದೊಡ್ಡ ತಪ್ಪು. ಆಡುಮಾತಿನ ತಮಾಷೆಯ ಬಳಕೆಗಳು ಯುವಕರವೇ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ‘ತಂತಿ ಹೊಡಿ’ ಎಂಬುದನ್ನು ಅನೇಕ ಪಟ್ಟಿಗಳು ಸೇರಿಸಿಕೊಂಡೇ ಇಲ್ಲ. ಟೆಲಿಗ್ರಾಂ ಕಳಿಸುವಾಗ ಕೀಲಿಯನ್ನು ಬೆರಳಿಂದ ಕುಟ್ಟುತ್ತಿದ್ದರು. ಆ ಹೊಡೆತ ಅಕ್ಷರಶಃ ಹೊಡೆತವೇ. 2013ರ ಜುಲೈನಲ್ಲಿ ದೇಶದ ಟೆಲಿಗ್ರಾಂ ಸೇವೆ ನಿಂತಿತು, ಪದ ಹಿರಿಯರ ಬಾಯಲ್ಲಿ ಇನ್ನೂ ಇದೆ. ಇಂಥವನ್ನು ಬೇಗ ಬರೆದುಕೊಳ್ಳಬೇಕು.

ಚೀಟಿಗಳು ಗುಡ್ಡೆಯಾದ ಮೇಲೆ ವಿಂಗಡಣೆ. ಈ ಕೆಲಸಕ್ಕೆ ಹೊಸಬರಾದವರು ಹೆಚ್ಚಾಗಿ ಮಾಡುವುದು ಪಕ್ಕದ ನಾಮಪದವನ್ನು ನೋಡಿ ಪಾಲು ಮಾಡುವುದು: ಫೋನ್ ಹೊಡಿ ಎಂದರೆ ಕರೆ ಮಾಡು, ನಿದ್ದೆ ಹೊಡಿ ಎಂದರೆ ಮಲಗು, ಕಾಫಿ ಹೊಡಿ ಎಂದರೆ ಕುಡಿ. ಹೀಗೆ ಹೋದರೆ ನಾಮಪದಗಳಷ್ಟೇ ಅರ್ಥಗಳು ಹುಟ್ಟುತ್ತವೆ, ನಮೂದಿಗೆ ಕೊನೆಯೇ ಇರುವುದಿಲ್ಲ. ಕರೆ ಎಂಬ ಅರ್ಥ ‘ಫೋನ್’ನಲ್ಲೇ ಇದೆ, ಅದನ್ನು ಹೊಡಿಯ ತಲೆಗೆ ಕಟ್ಟಬಾರದು. ಹೊಡಿ ಅಲ್ಲಿ ಕೊಡುತ್ತಿರುವುದು ಏನು ಎಂದು ತಿಳಿಯಲು ಅದನ್ನು ತೆಗೆದು ಬೇರೆ ಕ್ರಿಯಾಪದ ಹಾಕಿ ನೋಡಬೇಕು. ‘ನಿದ್ದೆ ಮಾಡಿದ’ ಎಂದರೆ ಬರೀ ಮಲಗಿದ. ‘ನಿದ್ದೆ ಹೊಡೆದ’ ಎಂದರೆ ಗಡದ್ದಾಗಿ, ಯಾವ ಚಿಂತೆಯೂ ಇಲ್ಲದೆ, ಕೆಲವೊಮ್ಮೆ ಮಲಗಬಾರದ ಹೊತ್ತಿನಲ್ಲಿ. ‘ಮಾತಾಡಿದರು’ ಮತ್ತು ‘ಹರಟೆ ಹೊಡೆದರು’ ನಡುವೆಯೂ ಅದೇ ಅಂತರ. ಈ ಗುಂಪಿನಲ್ಲಿ ಹೊಡಿ ಕೊಡುವುದು ಬಿಡುಬೀಸು ಮತ್ತು ಒಂದಿಷ್ಟು ಧಾರಾಳ. ‘ಕಾಫಿ ಹೊಡಿಯೋಣ’ ಎಂದು ಸ್ನೇಹಿತನಿಗೆ ಹೇಳುತ್ತೇವೆ. ಮನೆಗೆ ಬಂದ ಬೀಗರಿಗೆ ‘ಕಾಫಿ ಹೊಡೀರಿ’ ಎನ್ನುವುದಿಲ್ಲ.

ಅರ್ಥಗಳನ್ನು ಬೇರ್ಪಡಿಸಲು ನಾವು ಕಿವಿಗಿಂತ ವ್ಯಾಕರಣವನ್ನೇ ಹೆಚ್ಚು ನಂಬಿದೆವು. ಈ ನಮೂದು ಬಿಡಿಸಿಕೊಂಡದ್ದು ಇಲ್ಲೇ, ಆದ್ದರಿಂದ ಇದನ್ನು ನಿಧಾನವಾಗಿ ಹೇಳಬೇಕು.

ಮೊದಲನೆಯದು ವಿಭಕ್ತಿ. ‘ಹಾವಿಗೆ ಹೊಡೆದ’ ಎಂದರೆ ಏಟು ಹಾಕಿದ, ಹಾವು ತಪ್ಪಿಸಿಕೊಂಡಿರಲೂಬಹುದು. ‘ಹಾವು ಹೊಡೆದ’ ಎಂದರೆ ಅದು ಸತ್ತಿತು. ಬೇಟೆಯ ಮಾತೆಲ್ಲ ಎರಡನೆಯ ಸಾಲಿಗೆ ಸೇರುತ್ತದೆ: ಹಂದಿ ಹೊಡೆದರು, ಹಕ್ಕಿ ಹೊಡೆದರು. ‘ಅವನನ್ನು ಹೊಡೆದರು’ ಎಂದು ಬರೀ ಏಟಿಗೂ ಬರೆಯುವವರಿದ್ದಾರೆ, ಆದ್ದರಿಂದ ಮನುಷ್ಯರ ವಿಷಯದಲ್ಲಿ ಈ ಗೆರೆ ಅಷ್ಟು ಖಚಿತವಲ್ಲ. ಆದರೆ ಪೋಲಿ ಬಳಕೆಗಳಲ್ಲಿ ವಿಭಕ್ತಿ ಬಹಳ ಚೊಕ್ಕವಾಗಿ ಕೆಲಸ ಮಾಡುತ್ತದೆ. ‘ಕ್ಲಾಸಿಗೆ ಚಕ್ಕರ್ ಹೊಡ್ದ’ ಎಂದರೆ ತಪ್ಪಿಸಿಕೊಂಡ. ‘ಊರೆಲ್ಲಾ ಚಕ್ಕರ್ ಹೊಡ್ದ’ ಎಂದರೆ ಸುತ್ತಾಡಿದ. ಇಲ್ಲಿ ‘ಗೆ’ಯೇ ಅರ್ಥ ತಿರುಗಿಸುತ್ತಿದೆ, ಹಾಗಾಗಿ ಇವು ನಮೂದಿನಲ್ಲಿ ಎರಡು ಬೇರೆ ಸಾಲುಗಳು.

ಎರಡನೆಯದು ‘ಅನ್ನು’ ಸೇರಿಸಿ ನೋಡುವುದು. ‘ಗೋಡೆಗೆ ಬಿಳಿ ಬಣ್ಣವನ್ನು ಹೊಡೆದರು’ ಸರಿಯಾಗಿ ನಿಲ್ಲುತ್ತದೆ. ‘ಸಂಘದ ದುಡ್ಡನ್ನು ಹೊಡೆದ’ ಕೂಡ ನಿಲ್ಲುತ್ತದೆ, ಕದ್ದ ಎಂದರ್ಥ. ‘ಗೊರಕೆಯನ್ನು ಹೊಡೆದ’, ‘ಬೋರನ್ನು ಹೊಡೆಯಿತು’ ನಿಲ್ಲುವುದಿಲ್ಲ. ನಿಲ್ಲದವು ನಾಮಪದ ಮತ್ತು ಕ್ರಿಯಾಪದ ಅಂಟಿಕೊಂಡು ಒಂದೇ ಪದವಾದವು. ಅವುಗಳನ್ನು ಹೊಡಿಯ ಬಿಡಿ ಅರ್ಥವಾಗಿ ಬರೆಯದೆ ಜೋಡಿಪದವಾಗಿ ಕೆಳಗೆ ಕೊಡಬೇಕು. ಈ ಪರೀಕ್ಷೆಗೆ ನಮಗೆ ಸಿಕ್ಕ ಅತ್ಯುತ್ತಮ ಉದಾಹರಣೆ ‘ಸೈಟ್’. ಇಂಗ್ಲಿಷಿನಲ್ಲಿ ನೋಟ ಎಂಬರ್ಥದ ಸೈಟ್ ಬೇರೆ, ನಿವೇಶನ ಎಂಬರ್ಥದ ಸೈಟ್ ಬೇರೆ. ಕನ್ನಡದ ಬಾಯಲ್ಲಿ ಎರಡೂ ಒಂದೇ ಉಚ್ಚಾರ. ‘ಬಸ್ ಸ್ಟಾಪಲ್ಲಿ ನಿಂತು ಸೈಟ್ ಹೊಡೀತಿದ್ದ’ ಎಂದರೆ ಎವೆಯಿಕ್ಕದೆ ನೋಡುತ್ತಿದ್ದ. ‘ಅಣ್ಣನ ಸೈಟನ್ನ ಹೊಡ್ಕೊಂಡ’ ಎಂದರೆ ನಿವೇಶನ ಲಪಟಾಯಿಸಿದ. ‘ಅನ್ನು’ ಬಂದ ಕೂಡಲೇ ನೋಟದ ಅರ್ಥ ಉಳಿಯಲು ಜಾಗವೇ ಇಲ್ಲ.

ಮೂರನೆಯದು ‘ಕೊಳ್ಳು’. ಕಣ್ಣು ಹೊಡೆದರೆ ಅದು ಬೇಕೆಂದೇ ಮಾಡಿದ ಸನ್ನೆ. ಕಣ್ಣು ಹೊಡ್ಕೊಂಡರೆ ಅದು ತಾನಾಗಿ ಅದುರಿದ್ದು, ಎಡಗಣ್ಣೋ ಬಲಗಣ್ಣೋ ಎಂದು ಶಕುನ ನೋಡುವವರೂ ಇದ್ದಾರೆ. ಗಾಬರಿಯಾದಾಗ ಎದೆ ಹೊಡ್ಕೊಳ್ಳುತ್ತದೆ. ದನಕ್ಕೆ ಹೊಡೆದರೆ ಏಟು, ದನ ಹೊಡ್ಕೊಂಡು ಬಂದರೆ ಅಟ್ಟಿಸಿಕೊಂಡು ಮನೆಗೆ ತಂದದ್ದು. ಬಹುಮಾನ ಹೊಡ್ಕೊಂಡ ಎಂದರೆ ಗೆದ್ದ. ಈ ಎಲ್ಲವನ್ನೂ ‘ಹೊಡೆ’ಯ ಅಡಿಯಲ್ಲಿ ತುರುಕದೆ ‘ಹೊಡೆದುಕೊಳ್ಳು’ ಎಂಬ ಉಪನಮೂದು ತೆರೆದೆವು. ಇದನ್ನು ಮಾಡದ ಪಟ್ಟಿಗಳಲ್ಲಿ ‘ಕಣ್ಣು ಮಿಟುಕಿಸು’ ಮತ್ತು ‘ಕಣ್ಣು ಅದುರು’ ಒಂದೇ ಸಾಲಿನಲ್ಲಿ ಕೂತು ಓದುವವರನ್ನು ಗೊಂದಲಕ್ಕೆ ಕೆಡವುತ್ತವೆ.

ನಾಲ್ಕನೆಯದು ಅಪ್ಪಣೆ ಕೊಟ್ಟು ನೋಡುವುದು. ‘ಸ್ವಲ್ಪ ಹೊತ್ತು ನಿದ್ದೆ ಹೊಡಿ’ ಎನ್ನಬಹುದು, ‘ಒಂದು ರೌಂಡ್ ಹೊಡಿ’ ಎನ್ನಬಹುದು. ‘ಬೋರ್ ಹೊಡಿ’, ‘ಶಾಕ್ ಹೊಡಿ’ ಎಂದು ಯಾರಿಗೂ ಹೇಳಲಾಗದು. ಈ ಎರಡನೆಯ ಗುಂಪಿನಲ್ಲಿ ಮನುಷ್ಯ ಕರ್ತೃವಲ್ಲ, ಬಂದದ್ದನ್ನು ಅನುಭವಿಸುವವನು. ಹಾಗಾಗಿ ಅವನಿಗೆ ಯಾವಾಗಲೂ ‘ಗೆ’: ನನಗೆ ಬೋರ್ ಹೊಡೀತು, ಅವನಿಗೆ ಕರೆಂಟ್ ಹೊಡೀತು, ಮೂಗಿಗೆ ವಾಸನೆ ಹೊಡೀತು, ಅವಳಿಗೆ ಲಾಟರಿ ಹೊಡೀತು. ಸಿಡಿಲು, ಬಿಸಿಲು, ಗಾಳಿ ಹೊಡೆಯುವುದೂ ಇದೇ ಮನೆಯದು. (ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಷೇಧವಾಯಿತು. ಅದೃಷ್ಟ ಕುದುರಿದಾಗ ಮಾತ್ರ ಇವತ್ತಿಗೂ ಲಾಟರಿಯೇ ಹೊಡೆಯುತ್ತದೆ.)

ಐದನೆಯದು ‘ಹೊಡೆತ’ ಎಂಬ ನಾಮಪದ. ಬಿಸಿಲಿನ ಹೊಡೆತ, ಗಾಳಿಯ ಹೊಡೆತ, ಬೆಲೆಯೇರಿಕೆಯ ಹೊಡೆತ ಎಲ್ಲ ಇವೆ. ಹರಟೆಯ ಹೊಡೆತ, ಕಾಫಿಯ ಹೊಡೆತ ಇಲ್ಲ. ಹೊಡೆತವಾಗಬಲ್ಲವು ಮೂಲ ಅರ್ಥದ ಹತ್ತಿರದ ಬಂಧುಗಳು, ಆಗಲಾರದವು ದೂರ ಹೋದವು. ನಮೂದಿನಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಜಗಳ ಹುಟ್ಟಿದಾಗಲೆಲ್ಲ ಈ ಪರೀಕ್ಷೆ ಅದನ್ನು ಬಗೆಹರಿಸಿತು.

ಇಷ್ಟು ಮಾಡಿದರೆ ನೂರಾರು ಚೀಟಿಗಳು ಏಳೆಂಟು ಗುಂಪುಗಳಿಗೆ ಇಳಿಯುತ್ತವೆ. ಒಂದೊಂದು ಗುಂಪಿಗೂ ಮೂಲದಿಂದ ಬಂದ ಹಾದಿ ಕಾಣುತ್ತದೆ. ಸುಣ್ಣ ಹೊಡಿ, ಬಣ್ಣ ಹೊಡಿ, ಔಷಧಿ ಹೊಡಿ ಇವು ಒಂದು ಮೈಮೇಲೆ ಇನ್ನೊಂದನ್ನು ಎರಚುವ, ಬಳಿಯುವ ಅರ್ಥ. ಸೀಲು ಹೊಡಿ, ಟೈಪ್ ಹೊಡಿ, ಗಂಟೆ ಹೊಡಿ ಇವುಗಳಲ್ಲಿ ಕುಟ್ಟುವ ಕೈ ಇನ್ನೂ ಕಾಣುತ್ತದೆ. ಗಂಟೆ ಹನ್ನೆರಡು ಹೊಡೀತು ಎಂಬಲ್ಲಿಂದ ‘ಅವನಿಗಾಗಲೇ ಐವತ್ತು ಹೊಡೀತು’ ಎಂಬ ವಯಸ್ಸಿನ ಮಾತು ಹುಟ್ಟಿದೆ. ಕೊಳ್ಳೆ ಹೊಡಿ, ಜೇಬು ಹೊಡಿ, ದುಡ್ಡು ಹೊಡಿ ಕಳ್ಳತನದ ಸಾಲು. ಎಣ್ಣೆ ಹೊಡಿ, ದಮ್ಮು ಹೊಡಿ ಒಳಗೆ ಇಳಿಸುವ ಸಾಲು. ಇಲ್ಲಿ ಎಣ್ಣೆಯೇ ಸ್ವತಃ ಮದ್ಯಕ್ಕೆ ಇಟ್ಟ ಪೋಲಿ ಹೆಸರು, ಹಾಗಾಗಿ ‘ಎಣ್ಣೆ’ ನಮೂದಿಗೂ ಒಂದು ಕೈತೋರು ಬೇಕು. ಡುಮ್ಕಿ ಹೊಡಿ, ಲಾಗ ಹೊಡಿ, ಗೋತಾ ಹೊಡಿ ಮೂರೂ ಮುಳುಗುವ, ಉರುಳುವ, ಮಗುಚುವ ಮಾತುಗಳಾಗಿದ್ದು ಪರೀಕ್ಷೆಯಲ್ಲಿ ನಪಾಸಾಗುವುದಕ್ಕೆ ಬಂದಿವೆ. ಮೂರಕ್ಕೂ ಹೊಡಿಯೇ ಬೇಕು ಎಂಬುದು ಗಮನಿಸಬೇಕಾದ ಸಂಗತಿ.

ಎಲ್ಲಕ್ಕಿಂತ ಚೆಂದದ ಹಾದಿ ಗಾಡಿಯದು. ಎತ್ತಿಗೆ ಬಾರುಕೋಲಿನಿಂದ ಹೊಡೆದರೆ ಗಾಡಿ ಮುಂದೆ ಸಾಗುತ್ತದೆ. ಏಟು ಬೀಳುವುದು ಎತ್ತಿಗೆ, ಮಾತಿನಲ್ಲಿ ಹೊಡೆಯುವುದು ಗಾಡಿಯನ್ನು. ಅಲ್ಲಿಂದ ಹೊಲದ ಕೆಲಸಕ್ಕೆ ಹೋಗಿ ಉತ್ತರ ಕರ್ನಾಟಕದಲ್ಲಿ ಗಳೆ ಹೊಡಿ, ಕುಂಟೆ ಹೊಡಿ ಆಯಿತು. ಎತ್ತು ಹೋಗಿ ಇಂಜಿನ್ ಬಂದ ಮೇಲೂ ಟ್ರ್ಯಾಕ್ಟರ್ ಹೊಡಿ, ಲಾರಿ ಹೊಡಿ ಉಳಿಯಿತು. ಚಾವಟಿ ಇಲ್ಲ, ಎತ್ತಿಲ್ಲ, ಕ್ರಿಯಾಪದ ಮಾತ್ರ ಹಳೆಯ ಕೆಲಸವನ್ನೇ ಮಾಡುತ್ತಿದೆ. ಧಾರವಾಡದ ಕಡೆ ‘ಗಾಡಿ ಹೊಡ್ಯಾಕ ಬರ್ತೈತೇನು?’ ಎಂದು ಕೇಳಿದರೆ ಕಾರು ಓಡಿಸಲು ಗೊತ್ತೇ ಎಂದೇ ಅರ್ಥ. ಬೆಂಗಳೂರು ಮೈಸೂರಿನವರು ಓಡಿಸು ಎನ್ನುತ್ತಾರೆ, ಮಂಗಳೂರಿನವರು ‘ಬಿಡು’ ಎನ್ನುತ್ತಾರೆ. ಇಂಥ ಕಡೆ ಪ್ರದೇಶದ ಗುರುತು ಹಾಕದಿದ್ದರೆ ನಮೂದು ಅರ್ಧ ಸುಳ್ಳು. ಫೋನಿನದೂ ಹಾಗೇ: ಫೋನ್ ಮಾಡು ಎಲ್ಲೆಡೆ, ಫೋನ್ ಹಚ್ಚು ಉತ್ತರದಲ್ಲಿ, ಫೋನ್ ಹೊಡಿ ಗೆಳೆಯರ ನಡುವೆ.

ಮೂಲ ಹೇಳುವಾಗ ಒಂದು ಎಚ್ಚರಿಕೆ ಬೇಕು. ಬೋರ್ ಹೊಡಿ, ಸೈಟ್ ಹೊಡಿ, ಕಾಪಿ ಹೊಡಿ ಇವನ್ನು ನೋಡಿ ‘ಇದು ತಮಿಳಿನಿಂದ ಬಂದದ್ದು’ ಎಂದು ಸಲೀಸಾಗಿ ತೀರ್ಪು ಕೊಡುವವರು ಬಹಳ. ತಮಿಳಿನಲ್ಲಿ ಈ ಮೂರಕ್ಕೂ ‘ಅಡಿ’ ಇದೆ ನಿಜ. ತೆಲುಗಿನಲ್ಲಿ ಮೂರಕ್ಕೂ ‘ಕೊಟ್ಟು’ ಇದೆ. ಮಲಯಾಳದಲ್ಲಿ ಬೋರಿಗೂ ಕಾಪಿಗೂ ಲಾಟರಿಗೂ ‘ಅಡಿ’ಯೇ. ಹಿಂದಿಯಲ್ಲಿ ಕಣ್ಣು, ಲೈನ್, ಚಕ್ಕರ್, ಬಂಕ್ ಎಲ್ಲದಕ್ಕೂ ‘ಮಾರ್‌ನಾ’. ಬೋರಿಗೆ ಮಾತ್ರ ಅಲ್ಲಿ ‘ಹೋನಾ’. ಹೊಡೆಯುವ ಕ್ರಿಯಾಪದವನ್ನು ಹೀಗೆ ಸಿಕ್ಕ ಸಿಕ್ಕ ನಾಮಪದಕ್ಕೆ ಜೋಡಿಸುವುದು ಅಕ್ಕಪಕ್ಕದ ಭಾಷೆಗಳೆಲ್ಲ ಹಂಚಿಕೊಂಡ ಗುಣ. ಯಾರು ಯಾರಿಂದ ಪಡೆದರು ಎಂದು ಹೇಳಲು ದಿನಾಂಕವಿರುವ ಹಳೆಯ ಬರಹ ಬೇಕು, ಆಡುಮಾತಿಗೆ ಅಂಥ ದಾಖಲೆ ಅಪರೂಪ. ದಾಖಲೆ ಇಲ್ಲದ ಕಡೆ ಮೂಲದ ಕಂಸವನ್ನು ಖಾಲಿ ಬಿಡುವುದೇ ಸರಿ. ‘ತಮಿಳು ಅಡಿ, ತೆಲುಗು ಕೊಟ್ಟು ಹೋಲಿಸಿ’ ಎಂಬ ಸೂಚನೆ ಸಾಕು.

ಬಳಕೆಯ ಗುರುತುಗಳಲ್ಲಿ ಜನ ಹೆಚ್ಚು ಎಡವುತ್ತಾರೆ. ಆಡುಮಾತು ಎಂಬುದು ಒಂದು, ಪೋಲಿಮಾತು ಎಂಬುದು ಇನ್ನೊಂದು. ಗೊರಕೆ ಹೊಡಿ, ಕೊಳ್ಳೆ ಹೊಡಿ ಎರಡೂ ಅಚ್ಚ ಬರಹದ ಕನ್ನಡ. ಅವುಗಳಿಗೆ ಯಾವ ಗುರುತೂ ಬೇಡ. ಹರಟೆ ಹೊಡಿ ಆಡುಮಾತು. ಸೈಟ್ ಹೊಡಿ ಪೋಲಿಮಾತು. ಬೇರ್ಪಡಿಸಲು ನಾವು ಕೇಳಿಕೊಂಡ ಪ್ರಶ್ನೆ ಇದು: ಪತ್ರಿಕೆಯ ವರದಿಗಾರ ಉದ್ಧರಣ ಚಿಹ್ನೆ ಹಾಕದೆ ಈ ಮಾತನ್ನು ತನ್ನದೇ ವಾಕ್ಯದಲ್ಲಿ ಬರೆಯುತ್ತಾನೆಯೇ? ಬರೆದರೆ ಗುರುತು ಬೇಡ. ಸಂಪಾದಕೀಯದಲ್ಲಿ ಬರೆಯದೆ ಅಂಕಣದಲ್ಲಷ್ಟೇ ಬರೆದರೆ ಆಡುಮಾತು. ಎರಡರಲ್ಲೂ ಚಿಹ್ನೆ ಬೇಕೆಂದರೆ ಪೋಲಿಮಾತು. ಅಶ್ಲೀಲ ಅರ್ಥಗಳೂ ಇವೆ. ಅವನ್ನು ಬಿಟ್ಟುಬಿಡುವ ನಿಘಂಟು ಓದುವವರಿಗೆ ಮೋಸ ಮಾಡುತ್ತದೆ, ಏಕೆಂದರೆ ಭಾಷೆ ಕಲಿಯಲು ಬಂದವರು ಎಡವಿ ಬೀಳುವುದು ಅಲ್ಲೇ. ಅರ್ಥ ಕೊಟ್ಟು, ‘ಅಶ್ಲೀಲ’ ಎಂದು ಗುರುತು ಹಾಕಿ, ಉದಾಹರಣೆ ಕೊಡದೆ ಮುಂದೆ ಹೋಗಬೇಕು.

ಅರ್ಥದ ಸಾಲನ್ನು ಬರೆಯುವಾಗ ‘ಸೈಟ್ ಹೊಡಿ’ಗೆ ನಮ್ಮಲ್ಲಿ ಬಹಳ ಚರ್ಚೆಯಾಯಿತು. ಅನೇಕ ಪಟ್ಟಿಗಳು ಅದನ್ನು ಹುಡುಗರ ತುಂಟತನ ಎಂಬ ದಾಟಿಯಲ್ಲಿ ಬರೆದಿವೆ. ನೋಡುವವರ ಕಡೆಯಿಂದಷ್ಟೇ ಬರೆದ ಅರ್ಥ ಪೂರ್ತಿಯಲ್ಲ. ಹೆಣ್ಣುಮಕ್ಕಳು ಈ ಪದ ಬಳಸಿದ ಚೀಟಿಗಳಲ್ಲಿ ಹೆಚ್ಚಿನವು ದೂರಿನ ದನಿಯವು: ‘ಅಲ್ಲಿ ನಿಂತು ಸೈಟ್ ಹೊಡೀತಿರ್ತಾರೆ, ಆ ರಸ್ತೆ ಬೇಡ’. ಆ ಚೀಟಿಗಳನ್ನು ಪಕ್ಕಕ್ಕಿಟ್ಟು ಅರ್ಥ ಬರೆಯುವುದು ಸರಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಎರಡು ಕಡೆಯ ವಾಕ್ಯವನ್ನೂ ಕೊಟ್ಟೆವು.

ಉದಾಹರಣೆ ವಾಕ್ಯವನ್ನು ಕೂತಲ್ಲೇ ಹೆಣೆಯಬಾರದು, ಚೀಟಿಯಿಂದಲೇ ಎತ್ತಬೇಕು. ತೀರ ಉದ್ದವಾದರೆ ಕತ್ತರಿಸಬಹುದು. ಪದದ ಅರ್ಥ ಗೊತ್ತಿಲ್ಲದವರೂ ವಾಕ್ಯ ಓದಿ ಊಹಿಸುವಂತಿರಬೇಕು. ‘ಅವನು ಡುಮ್ಕಿ ಹೊಡ್ದ’ ಎಂಬುದರಿಂದ ಏನೂ ತಿಳಿಯದು. ‘ಗಣಿತದಲ್ಲಿ ಡುಮ್ಕಿ ಹೊಡ್ದ, ಇನ್ನೊಂದ್ಸಲ ಪರೀಕ್ಷೆ ಕಟ್ಬೇಕು’ ಎಂದರೆ ತಿಳಿಯುತ್ತದೆ. ಸಿದ್ಧವಾದ ನಮೂದಿನ ಒಂದು ತುಣುಕು ಹೀಗಿದೆ:

ಹೊಡೆ (ಆಡುರೂಪ: ಹೊಡಿ, ಭೂತ: ಹೊಡೆದ, ಹೊಡ್ದ, ಹೊಡದ) ಕ್ರಿ. 5. ಕೆಲವು ನಾಮಪದಗಳ ಜೊತೆ, ‘ಅನ್ನು’ ಪ್ರತ್ಯಯವಿಲ್ಲದೆ: ಮನಸ್ಸಿಗೆ ಬಂದಂತೆ, ಧಾರಾಳವಾಗಿ ಮಾಡು. ಆಡುಮಾತು, ಹಿರಿಯರೆದುರು, ಅತಿಥಿಗಳಿಗೆ ಬಳಸುವುದಿಲ್ಲ. ‘ಮಧ್ಯಾಹ್ನ ಊಟ ಮಾಡಿ ನಿದ್ದೆ ಹೊಡ್ದೋನು ಸಂಜೆಗೇ ಎದ್ದಿದ್ದು.’ 6. ‘ಗೆ’ ಪಡೆದ ವ್ಯಕ್ತಿಯ ಜೊತೆ, ಕರ್ತೃ ಮನುಷ್ಯನಲ್ಲ. ಆಜ್ಞಾರೂಪವಿಲ್ಲ: ತಟ್ಟು, ಅನುಭವಕ್ಕೆ ಬರು. ‘ಒದ್ದೆ ಕೈಯಲ್ಲಿ ಸ್ವಿಚ್ ಹಾಕಿ ಶಾಕ್ ಹೊಡೀತು.’ ಜೋಡಿ: ಬೋರ್ ಹೊಡಿ, ಬೇಸರವಾಗು; ಪ್ರೇರಣಾರೂಪ ಉಂಟು: 'ಅದೇ ಕತೆ ಹೇಳಿ ಬೋರ್ ಹೊಡಿಸ್ಬೇಡ.'

ಬರೆದು ಮುಗಿದ ನಮೂದನ್ನು ಅದರಲ್ಲಿ ಕೈಯಾಡಿಸದ ಇಬ್ಬರಿಗೆ ಕೊಡುತ್ತೇವೆ. ಒಬ್ಬರು ಬೇರೆ ಜಿಲ್ಲೆಯವರಾಗಿರಬೇಕು, ಇನ್ನೊಬ್ಬರು ಕನ್ನಡವನ್ನು ದೊಡ್ಡವರಾದ ಮೇಲೆ ಕಲಿತವರಾಗಿರಬೇಕು. ಮೊದಲನೆಯವರು ನಮ್ಮ ಊರಿನ ಮಾತನ್ನು ಇಡೀ ನಾಡಿನದೆಂದು ಬರೆದ ಕಡೆ ಗೆರೆ ಹಾಕುತ್ತಾರೆ. ಎರಡನೆಯವರು ನಮೂದು ನೋಡಿ ಹೊಸ ವಾಕ್ಯ ಕಟ್ಟುತ್ತಾರೆ. ಆ ವಾಕ್ಯ ಕೇಳಿ ಯಾರಾದರೂ ಮುಖ ಹುಳ್ಳಗೆ ಮಾಡಿದರೆ ತಪ್ಪು ನಮೂದಿನದೇ. ‘ಊಟ ಹೊಡೀರಿ’ ಎಂದು ಅತಿಥಿಗೆ ಹೇಳುವ ವಾಕ್ಯ ಹೀಗೇ ಬಂದದ್ದು. 5ನೇ ಅರ್ಥದ ಪಕ್ಕ ಬಳಕೆಯ ನಿರ್ಬಂಧ ಸೇರಿದ್ದು ಆಮೇಲೆ.

ಕೆಲವು ಚೀಟಿಗಳು ಇನ್ನೂ ಡಬ್ಬದಲ್ಲೇ ಇವೆ. ‘ಸೀರೆ ಬಣ್ಣ ಸ್ವಲ್ಪ ನೀಲಿ ಹೊಡಿಯುತ್ತೆ’ ಎಂಬುದು ನೀಲಿಯತ್ತ ವಾಲುವ ಅರ್ಥ. ಅದು ಕಣ್ಣಿಗೆ ಹೊಡೆಯುವ ಬಣ್ಣದಿಂದ ಬಂತೋ, ವಾಸನೆ ಹೊಡೆಯುವುದರಿಂದ ಬಂತೋ ಎಂದು ತೀರ್ಮಾನವಾಗಿಲ್ಲ. ರೀಚಾರ್ಜ್ ಹೊಡಿ, ಗೂಗಲ್ ಹೊಡಿ ಎರಡಕ್ಕೂ ಎರಡನೇ ಜಿಲ್ಲೆಯ ಚೀಟಿ ಬರಬೇಕು. ಮುಂದಿನ ಪರಿಷ್ಕರಣೆಯ ಹೊತ್ತಿಗೆ ಅವು ಬಂದರೆ 5ನೇ ಅರ್ಥದ ಕೆಳಗೆ ಕೂರುತ್ತವೆ, ಇಲ್ಲವಾದರೆ ಡಬ್ಬದಲ್ಲೇ ಇರುತ್ತವೆ.